ತಿರುಗಿ ನೋಡಬಾರದ ಹದಿನೈದು ನಿಮಿಷ

ದಿನಕ್ಕೆ ಮೂವತ್ತು ಎದೆ ನೋಡುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಕೋಣೆಯಲ್ಲಿ, ಅದೇ ಮಂಚದ ಪಕ್ಕ ನಿಂತು ಇಸಿಜಿ ತೆಗೆಯುತ್ತಿದ್ದೆ. ಜನ ಒಳಗೆ ಬರುತ್ತಾರೆ, ಅಂಗಿ ಬಿಚ್ಚುತ್ತಾರೆ, ಮಲಗಿ ಫ್ಯಾನು ನೋಡುತ್ತಾರೆ. ಕೈಕಾಲಿಗೆ ನಾಲ್ಕು ಕ್ಲಿಪ್ಪು ಹಾಕಿ, ಎದೆಗೆ ಜೆಲ್ ಹಚ್ಚಿ ಆರು ರಬ್ಬರ್ ಬಲ್ಬು ಅಂಟಿಸಿ ಗುಂಡಿ ಒತ್ತಿದರೆ, ಚೌಕುಳಿ ಕಾಗದದ ಪಟ್ಟಿ ಕಿರ್ರೆಂದು ಹೊರಬರುತ್ತದೆ. ಅದನ್ನು ಕತ್ತರಿಸಿ ರಟ್ಟಿಗೆ ಅಂಟಿಸಿ ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟರೆ ನನ್ನ ಕೆಲಸ ಮುಗಿಯಿತು. ಓದುವುದು ಅವರ ಕೆಲಸ. ನನಗೂ ಓದಲು ಬರುತ್ತದೆ, ಅವರಿಗಿಂತ ಬೇಗ ಬರುತ್ತದೆ, ಆದರೆ ನಾನು ಬಾಯಿ ಬಿಡುವ ಹಾಗಿಲ್ಲ. 'ಹೇಗಿದೆ ಮೇಡಂ' ಎಂದು ಕೇಳದೆ ಯಾರೂ ಮಂಚದಿಂದ ಇಳಿಯುವುದಿಲ್ಲ. 'ಡಾಕ್ಟರು ಹೇಳ್ತಾರೆ' ಎನ್ನದೆ ನಾನೂ ಯಾರನ್ನೂ ಕಳಿಸುತ್ತಿರಲಿಲ್ಲ.

ನಮ್ಮ ಯಂತ್ರ ಹಳೆಯದು. ಈಗಿನ ಯಂತ್ರಗಳು ಹೆಸರು, ತಾರೀಖು, ಗಂಟೆ ಎಲ್ಲವನ್ನೂ ತಾವೇ ಅಚ್ಚು ಹಾಕುತ್ತವೆ. ನಮ್ಮದು ಬರೀ ಗೆರೆ ಎಳೆಯುತ್ತದೆ, ಅದು ಯಾರ ಗೆರೆ ಎಂದು ಬರೆಯಬೇಕಾದವಳು ನಾನು. ಪಟ್ಟಿ ಹರಿದ ಮೇಲೆ ಕೈಯಿಂದ ಕೆಳಗಿಡುವ ಮೊದಲೇ ಮೂಲೆಯಲ್ಲಿ ಹೆಸರು, ವಯಸ್ಸು ಬರೆಯಬೇಕು. ಯಾರೂ ನನಗೆ ಹೇಳಿಕೊಟ್ಟ ನಿಯಮವಲ್ಲ, ನಾನೇ ಮಾಡಿಕೊಂಡದ್ದು. ಆ ಒಂದು ವಿಷಯದಲ್ಲಿ ನನ್ನ ಕಡೆ ಬೆರಳು ತೋರಿಸಲು ಯಾರಿಗೂ ಅವಕಾಶ ಕೊಟ್ಟಿರಲಿಲ್ಲ.

ಇಂಥವಳಿಗೆ ಎದೆ ಡವಡವ ಶುರುವಾಯಿತೆಂದರೆ ನಗಬೇಕೋ ಅಳಬೇಕೋ ನೀವೇ ಹೇಳಿ. ಎರಡು ವರ್ಷದ ಹಿಂದೆ, ಪಾತ್ರೆ ತೊಳೆಯುತ್ತಾ ನಿಂತಿದ್ದಾಗ ಎದೆ ಒಮ್ಮೆ ನಿಂತು ಆಮೇಲೆ ಧಡ್ಡೆಂದು ಒದೆಯಿತು. ಕೈಯಲ್ಲಿದ್ದ ಲೋಟ ಸಿಂಕಿಗೆ ಬಿತ್ತು. ಅಂದಿನಿಂದ ದಿನಕ್ಕೆ ನಾಲ್ಕು ಸಲ, ಆರು ಸಲ. ಅಂಗೈ ಬೆವರುತ್ತಿತ್ತು, ಇನ್ನೇನು ಮುಗಿಯಿತು ಅನಿಸುತ್ತಿತ್ತು. ಕಾರಣವೇನು ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಗಂಡ ಕುಡಿಯುತ್ತಾನಾ, ಮಕ್ಕಳಿಲ್ಲವೆಂದು ಕೊರಗಾ, ಮನೆಯಲ್ಲಿ ಜಗಳವಾ. ನನ್ನ ಗಂಡ ಬಸ್ ಡಿಪೋದಲ್ಲಿ ಟೈಮ್‌ಕೀಪರ್, ಕಾಫಿ ಬಿಟ್ಟರೆ ಬೇರೇನೂ ಕುಡಿಯದ ಮನುಷ್ಯ. ಮಕ್ಕಳಿಲ್ಲದ ಕೊರಗನ್ನು ನಾವಿಬ್ಬರೂ ಹತ್ತು ವರ್ಷದ ಹಿಂದೆಯೇ ಅತ್ತು ಮುಗಿಸಿದ್ದೆವು. ಕಾರಣವಿಲ್ಲದೆ ಬಂದ ಕಾಯಿಲೆಗೆ ಜನ ಮರ್ಯಾದೆ ಕೊಡುವುದಿಲ್ಲ ಎನ್ನುವುದು ಆಗ ಗೊತ್ತಾಯಿತು.

ನನ್ನ ಕೈಯಲ್ಲೇ ಯಂತ್ರವಿತ್ತು. ಊಟದ ಹೊತ್ತಿನಲ್ಲಿ ಕೋಣೆಯ ಚಿಲಕ ಹಾಕಿಕೊಂಡು, ನನಗೆ ನಾನೇ ಬಲ್ಬು ಅಂಟಿಸಿಕೊಂಡು, ಒಂದು ಪಟ್ಟಿ ತೆಗೆಯತೊಡಗಿದೆ. ಎಲ್ಲ ಸರಿಯಿರುತ್ತಿತ್ತು. ಮೂರನೆಯ ಲೀಡಿನಲ್ಲಿ, ಅಂದರೆ ಪಟ್ಟಿಯ ಹನ್ನೆರಡು ಗೆರೆಗಳಲ್ಲಿ ಮೂರನೆಯದರಲ್ಲಿ ಮಾತ್ರ, ಪ್ರತಿ ಬಡಿತ ಇಳಿಯುವ ಜಾಗದಲ್ಲಿ ಒಂದು ಪುಟ್ಟ ಕೊಕ್ಕೆ, ಅದರ ಮಗ್ಗುಲಲ್ಲೇ ಇನ್ನೊಂದು ಅರ್ಧ ಕೊಕ್ಕೆ. ಅದು ಹುಟ್ಟಿನಿಂದ ಬಂದದ್ದು, ಏನೂ ಕೆಡುಕಿಲ್ಲ. ಪಟ್ಟಿ ನೋಡಿದರೆ ಇಪ್ಪತ್ತು ನಿಮಿಷ ನೆಮ್ಮದಿ. ಆಮೇಲೆ, ಪಟ್ಟಿ ತೆಗೆಯುವಾಗ ಸರಿಯಿತ್ತು, ಈಗ ಹೇಗಿದೆಯೋ ಎಂಬ ಯೋಚನೆ. ನನ್ನ ಪಟ್ಟಿಗಳಿಗೆ ಮಾತ್ರ ನಾನು ಹೆಸರು ಬರೆಯುತ್ತಿರಲಿಲ್ಲ, ಯಾರಾದರೂ ನೋಡಿಯಾರು ಎಂದು. ಚಪ್ಪಲಿಯ ಡಬ್ಬಿಯಲ್ಲಿ ತುಂಬಿ ಬೀರುವಿನಲ್ಲಿ ಬಟ್ಟೆಯ ಹಿಂದೆ ಬಚ್ಚಿಡುತ್ತಿದ್ದೆ. ಒಂದು ಭಾನುವಾರ ಗಂಡ ಸ್ಕ್ರೂಡ್ರೈವರ್ ಹುಡುಕುತ್ತಾ ಅದನ್ನು ತೆರೆದರು. ಮುನ್ನೂರಕ್ಕೂ ಹೆಚ್ಚು ಪಟ್ಟಿಗಳು ಸುರುಳಿ ಬಿಚ್ಚಿ ನೆಲದ ಮೇಲೆ ಹರಡಿದವು. ಯಾರವು ಇಷ್ಟೊಂದು ಎಂದು ಕೇಳಿದರು. ಎಲ್ಲ ನನ್ನದೇ ಎಂದೆ. ಅವರು ಬೈಯಲಿಲ್ಲ, ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

ಹೀಗೆ ಮನಸ್ಸಿನ ಡಾಕ್ಟರ ಹತ್ತಿರ ಹೋದದ್ದು. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕೋಣೆ. ನನಗಿಂತ ಹತ್ತು ವರ್ಷ ಚಿಕ್ಕ ಹೆಂಗಸು, ಮಾತು ಕಡಿಮೆ, ಕೇಳಿಸಿಕೊಳ್ಳುವುದು ಹೆಚ್ಚು. ಎರಡು ಔಷಧ ಕೊಡುತ್ತೇನೆ ಎಂದರು. ಒಂದು ಮಾತ್ರೆ, ಮೊದಲ ವಾರ ಅರ್ಧ, ಆಮೇಲೆ ಪೂರ್ತಿ. ಇನ್ನೊಂದು ನಿಯಮ. ಇನ್ನು ಮೇಲೆ ನನ್ನ ಇಸಿಜಿ ನಾನು ತೆಗೆಯಕೂಡದು. ಬೀಗ ಹಾಕಿದೆನಾ, ಗ್ಯಾಸ್ ಆರಿಸಿದೆನಾ, ಹೆಸರು ಸರಿಯಾಗಿ ಬರೆದೆನಾ ಎಂದು ತಿರುಗಿ ಹೋಗಿ ನೋಡಕೂಡದು.

"ಹೋಗಿ ನೋಡು, ಹೋಗಿ ನೋಡು ಅಂತ ಮನಸ್ಸು ಹೇಳತ್ತಲ್ಲ, ಅದು ನೀವಲ್ಲ, ಕಾಯಿಲೆ," ಎಂದರು. "ಹದಿನೈದು ನಿಮಿಷ ಕೂತಲ್ಲೇ ಕೂತಿರಿ. ತಾನಾಗಿ ಇಳಿಯತ್ತೆ. ಅಕಸ್ಮಾತ್ ತಪ್ಪಿ ಒಂದು ಪಟ್ಟಿ ತೆಗೆದ್ರೂ, ಅದನ್ನ ನೋಡದೆ ಹರಿದು ಹಾಕಿ."

ಚಪ್ಪಲಿಯ ಡಬ್ಬಿ ಆ ವಾರವೇ ಕಸದ ಗಾಡಿ ಹತ್ತಿತು. ಗಂಡನಿಗೆ ನಿಯಮ ಬಹಳ ಹಿಡಿಸಿತು. ಗಡಿಯಾರ ನೋಡಿ ಸಂಬಳ ತೆಗೆದುಕೊಳ್ಳುವ ಮನುಷ್ಯನಿಗೆ ಹೆಂಡತಿಯ ಕಾಯಿಲೆಯೂ ಗಡಿಯಾರಕ್ಕೆ ಸಿಕ್ಕಿದ್ದು ಸಮಾಧಾನವಾಗಿರಬೇಕು. ನಾನು ಬಾಗಿಲ ಬೀಗದ ಕಡೆ ನೋಡಿದರೆ ಸಾಕು, ಕೈಗಡಿಯಾರ ಎತ್ತಿ, ಗಾಡಿ ಇನ್ನೂ ಪ್ಲಾಟ್‌ಫಾರಂ ಬಿಟ್ಟಿಲ್ಲ, ಹದಿನೈದು ನಿಮಿಷ ಲೇಟು ಎಂದು ಘೋಷಿಸುತ್ತಿದ್ದರು. ನನಗೆ ನಗು ಬರುತ್ತಿತ್ತು. ಮೊದಮೊದಲು ಬರುತ್ತಿತ್ತು.

ಮಾತ್ರೆಯ ಮೊದಲ ಎರಡು ವಾರದ ಬಗ್ಗೆ ನನ್ನನ್ನು ಕೇಳಬೇಡಿ. ಯಾವ ಡವಡವ ನಿಲ್ಲಿಸಲು ನುಂಗಿದೆನೋ ಅದೇ ದುಪ್ಪಟ್ಟಾಯಿತು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಕೂತರೆ ಕಾಲು ಕುಣಿಯುತ್ತಿತ್ತು, ಮಲಗಿದರೆ ದಿಂಬು ಬೆವರಿನಲ್ಲಿ ನೆನೆಯುತ್ತಿತ್ತು. ಎಲ್ಲಕ್ಕಿಂತ ನಾಚಿಕೆಗೇಡಿನದು ಆಕಳಿಕೆ. ನಿದ್ದೆಯ ಆಕಳಿಕೆಯಲ್ಲ, ಸುಮ್ಮನೆ ದವಡೆ ಕಳಚಿಹೋಗುವ ಹಾಗೆ ಬಾಯಿ ತೆರೆಯುತ್ತಿತ್ತು. ಒಬ್ಬ ಮುದುಕರು ಎದೆನೋವು ಹೇಳಿಕೊಳ್ಳುತ್ತಿದ್ದಾಗ ಅವರ ಮುಖದ ಮೇಲೆಯೇ ಮೂರು ಸಲ ಆಕಳಿಸಿದೆ. ನಿನಗೆ ಬೇಜಾರಾಗಿದ್ದರೆ ಆಮೇಲೆ ಬರುತ್ತೇನಮ್ಮ ಎಂದರು ಪಾಪ. ಬಿಟ್ಟುಬಿಡುತ್ತೇನೆ ಎಂದು ಮನಸ್ಸಿನ ಡಾಕ್ಟರಿಗೆ ಫೋನ್ ಮಾಡಿದೆ. ನೀವಾಗಿ ಬಿಡಕೂಡದು, ಇನ್ನೊಂದು ವಾರ ಹಲ್ಲು ಕಚ್ಚಿಕೊಂಡಿರಿ ಎಂದರು.

ಅವರು ಹೇಳಿದ್ದು ನಿಜವಾಯಿತು. ಐದನೆಯ ವಾರಕ್ಕೆ ಎದೆ ತೆಪ್ಪಗಾಯಿತು. ಎರಡು ವರ್ಷದ ಮೇಲೆ ಮೊದಲ ಸಲ ಕ್ಯೂನಲ್ಲಿ ನಿಂತು, ಯಾವ ಆಸ್ಪತ್ರೆ ಹತ್ತಿರ ಎಂದು ಯೋಚಿಸದೆ, ಸಾಮಾನು ತಂದೆ. ಮಾತ್ರೆಯನ್ನು ನಾನು ದೂರುವುದಿಲ್ಲ. ಈಗಲೂ ನುಂಗುತ್ತೇನೆ.

ಆದರೆ ಗಾಬರಿ ಹೋಗುವಾಗ ಒಂಟಿಯಾಗಿ ಹೋಗಲಿಲ್ಲ. ಅಕ್ಕ ಫೋನ್ ಮಾಡಿ ಮಗಳು ಮನೆ ಬಿಟ್ಟು ಹೋದಳೆಂದು ಅತ್ತಳು. ನಾನು ಕೇಳಿಸಿಕೊಂಡೆ, ಹೂಂ ಎಂದೆ, ಆಕಳಿಸಿದೆ. ಅವಳು ಫೋನ್ ಇಟ್ಟವಳು ತಿಂಗಳು ಕಳೆದರೂ ಮಾಡಲಿಲ್ಲ. ಗಂಡ ಹತ್ತಿರ ಬಂದರೆ ಹಾಸಿಗೆಯಲ್ಲಿ ನಾನೊಂದು ಕೊರಡು. ಅವರ ಬಸ್ಸಿನ ಜೋಕು ಕೇಳಿದರೆ ಇಲ್ಲಿ ನಗಬೇಕು ಎಂದು ಗೊತ್ತಾಗುತ್ತಿತ್ತು, ಅಷ್ಟೇ. ಇದನ್ನೂ ಮನಸ್ಸಿನ ಡಾಕ್ಟರಿಗೆ ಹೇಳಿದೆ. ಕೆಲವರಿಗೆ ಹಾಗಾಗುತ್ತದೆ, ಇನ್ನೆರಡು ತಿಂಗಳಲ್ಲಿ ಪ್ರಮಾಣ ಇಳಿಸಿ ನೋಡೋಣ ಎಂದು ಬರೆದುಕೊಂಡರು.

ಪೇಂಟರ್ ಬಂದದ್ದು ಹನ್ನೊಂದನೆಯ ವಾರ.

ಆ ದಿನ ಬೆಳಗಿನಿಂದ ಎದೆ ಎರಡು ಸಲ ತಪ್ಪು ಬಡಿದಿತ್ತು. ದೊಡ್ಡದೇನಲ್ಲ, ಯಾರಿಗಾದರೂ ಆಗುವಂಥದ್ದು. ಊಟದ ಹೊತ್ತಿಗೆ ನನ್ನ ಕಾಲು ನನ್ನನ್ನು ಕೇಳದೆ ಎದ್ದು ಹೋಗಿ ಚಿಲಕ ಹಾಕಿತು. ಎಪ್ಪತ್ತು ದಿನದ ಮೇಲೆ ಮೊದಲ ಸಲ ನನ್ನ ಪಟ್ಟಿ ತೆಗೆದೆ. ಅದನ್ನು ನೋಡುವುದರೊಳಗೆ ಬಾಗಿಲು ಬಡಿದರು. ಕಳ್ಳಿಯ ಹಾಗೆ ಪಟ್ಟಿಯನ್ನು ರಿಜಿಸ್ಟರಿನ ಕೆಳಗೆ ತುರುಕಿ, ರವಿಕೆಯ ಗುಂಡಿ ಹಾಕಿಕೊಂಡು ಬಾಗಿಲು ತೆಗೆದೆ.

ಐವತ್ತರ ಆಸುಪಾಸಿನ ಮನುಷ್ಯ. ಉಗುರಿನ ಸಂದಿಯಲ್ಲಿ, ಕಿವಿಯ ಹಿಂದೆ ಬಿಳಿ ಬಣ್ಣದ ಚುಕ್ಕೆಗಳು. ಎರಡು ದಿನದಿಂದ ಎಡ ಭುಜ ಎಳೆಯುತ್ತಿದೆ, ಛಾವಣಿಗೆ ಬಣ್ಣ ಬಳಿದರೆ ಯಾರಿಗಾದರೂ ಎಳೆಯುತ್ತದೆ, ಅಕ್ಕನ ಕಾಟಕ್ಕೆ ಬಂದೆ ಎಂದು ನಾನು ಕೇಳದೆಯೇ ಹೇಳಿದ. ಮಲಗಿಸಿ ಬಲ್ಬು ಹಚ್ಚಿದೆ. ಎದೆ ತುಂಬ ಕೂದಲು, ಮೇಲೆ ಬೆವರು. ಒಂದು ಅಂಟಿದರೆ ಇನ್ನೊಂದು ಬೀಳುತ್ತಿತ್ತು. ಎರಡು ಬಲ್ಬನ್ನು ಕೈಯಲ್ಲೇ ಒತ್ತಿಹಿಡಿದು ಯಂತ್ರ ಓಡಿಸಿದೆ. ಹಾಗಾಗಿ ಪಟ್ಟಿ ನನ್ನ ಕೈಗೆ ಬರಲಿಲ್ಲ, ಸುರುಳಿ ಸುತ್ತಿಕೊಂಡು ಮೇಜಿನ ಮೇಲೆ ಬಿತ್ತು. ಅಷ್ಟರಲ್ಲಿ ಅವನು ಎದ್ದು ಕೂತ, ಕೂತವನು ಮುಂದಕ್ಕೆ ವಾಲಿದ. ಹಿಡಿದುಕೊಂಡೆ. ನೀರು ಕುಡಿಸಿದೆ. ಬೆಳಗಿನಿಂದ ಏನೂ ತಿಂದಿಲ್ಲ, ಅದಕ್ಕೇ ತಲೆ ಸುತ್ತಿತು ಎಂದ.

ಆಮೇಲೆ ಮೇಜಿನ ಕಡೆ ತಿರುಗಿದೆ. ರಿಜಿಸ್ಟರು ಸರಿದಿತ್ತು. ಎರಡು ಪಟ್ಟಿಗಳು ಒಂದರ ಪಕ್ಕ ಒಂದು ಬಿದ್ದಿದ್ದವು, ಎರಡರ ಮೇಲೂ ಹೆಸರಿರಲಿಲ್ಲ. ಒಂದನ್ನು ಎತ್ತಿಕೊಂಡು ಅವನ ಹೆಸರು ಬರೆದೆ. ಇನ್ನೊಂದನ್ನು ಮಡಿಸಿ ನನ್ನ ಪರ್ಸಿಗೆ ಹಾಕಿದೆ. ಮಾಡಿದ್ದು ಇಷ್ಟೇ. ಆಕಳಿಸುತ್ತಾ ಮಾಡಿದೆ.

ರಟ್ಟಿಗೆ ಅಂಟಿಸುವಾಗ ನೋಡಿದೆ. ಚೆನ್ನಾಗಿತ್ತು. ಅವನು ಅಂಗಿ ತೊಡುತ್ತಾ, ಹೇಗಿದೆ ಮೇಡಂ ಎಂದು ಕೇಳಿದ. ಹತ್ತೊಂಬತ್ತು ವರ್ಷ ಮುಚ್ಚಿಕೊಂಡಿದ್ದ ಬಾಯಿ ಅವತ್ತು ತೆರೆಯಿತು. ಬೀಳುತ್ತಿದ್ದವನನ್ನು ಹಿಡಿದುಕೊಂಡಿದ್ದೆನಲ್ಲ, ಸಮಾಧಾನ ಹೇಳಬೇಕು ಅನಿಸಿತು.

"ಹೆದರೋ ಅಂಥದ್ದೇನಿಲ್ಲ," ಎಂದೆ. "ಮೊದ್ಲು ಏನಾದ್ರೂ ತಿನ್ನಿ."

ದೊಡ್ಡ ಡಾಕ್ಟರು ಬಂದು ಒಂದೇ ನೋಟಕ್ಕೆ ನಾರ್ಮಲ್ ಎಂದು ಬರೆದು ಸಹಿ ಹಾಕಿದರು. ಅವನು ಲಕೋಟೆ ಹಿಡಿದುಕೊಂಡು ಹೋದ. ಹೋಗುವಾಗ ಕೋಣೆಯ ಬಾಗಿಲಲ್ಲಿ ತಲೆ ಹಾಕಿ ನನಗೊಂದು ನಗು ಕೊಟ್ಟು ಹೋದ.

ಮೂರೂವರೆಗೆ ಯಂತ್ರದ ಬಲ್ಬುಗಳನ್ನು ತೊಳೆಯುತ್ತಿದ್ದಾಗ ಆ ಯೋಚನೆ ಬಂತು. ಅಂಟಿಸಿದ ಪಟ್ಟಿಯ ಮೂರನೆಯ ಲೀಡಿನಲ್ಲಿ ಒಂದು ಕೊಕ್ಕೆ ಇತ್ತಲ್ಲ. ಅದರ ಮಗ್ಗುಲಲ್ಲಿ ಅರ್ಧ ಕೊಕ್ಕೆ ಇತ್ತಲ್ಲ.

ಕೈ ನಿಂತಿತು. ಪರ್ಸು ಅಲ್ಲೇ ಕುರ್ಚಿಯ ಮೇಲಿತ್ತು. ತೆರೆದು ನೋಡಿದರೆ ಮುಗಿಯಿತು. ಅವನು ಇನ್ನೂ ದೂರ ಹೋಗಿರಲಿಲ್ಲ, ರಿಸೆಪ್ಷನ್ನಿನಲ್ಲಿ ಅವನ ಫೋನ್ ನಂಬರಿತ್ತು. ನೋಡು ಎಂದಿತು ಮನಸ್ಸು. ತೆರೆದು ನೋಡು, ನೋಡು. ಅದೇ ಧ್ವನಿ, ಎರಡು ವರ್ಷ ನನ್ನನ್ನು ಬೀಗದ ಹತ್ತಿರ, ಒಲೆಯ ಹತ್ತಿರ ಅಟ್ಟಾಡಿಸಿದ್ದು. ಈ ಎರಡು ವರ್ಷದಲ್ಲಿ ನೂರು ಸಲ ಹೇಳಿತ್ತು, ಹೆಸರು ಅದಲುಬದಲಾಗಿದೆ ಎಂದು. ನೂರು ಸಲವೂ ಸುಳ್ಳು ಹೇಳಿತ್ತು.

ಸ್ಟೂಲಿನ ಮೇಲೆ ಕೂತೆ. ಗೋಡೆಯ ಗಡಿಯಾರ ನೋಡಿದೆ. ಐದು ನಿಮಿಷಕ್ಕೆ ಬೆನ್ನು ಬೆವರಿತು. ಎಂಟು ನಿಮಿಷಕ್ಕೆ ಎದೆ ನಗಾರಿ ಬಾರಿಸಿತು. ಪರ್ಸನ್ನು ಎತ್ತಿ ದೂರದ ಮೊಳೆಗೆ ನೇತುಹಾಕಿ ಬಂದು ಕೂತೆ. ಹನ್ನೆರಡಕ್ಕೆ ಇಳಿಯತೊಡಗಿತು. ಹದಿನೈದಕ್ಕೆ ಏನೂ ಇರಲಿಲ್ಲ. ಕೊಕ್ಕೆಯೂ ಇಲ್ಲ, ಪೇಂಟರೂ ಇಲ್ಲ. ಹೇಳಿದರೆ ನಂಬುವುದಿಲ್ಲ, ನನಗೆ ಸಂತೋಷವಾಯಿತು. ಅಷ್ಟು ದಿನದಲ್ಲಿ ನನಗೆ ತಟ್ಟಿದ ಒಂದೇ ಸಂತೋಷ ಅದು. ಗಂಡನಿಗೆ ಫೋನ್ ಮಾಡಿ, ಇವತ್ತು ದೊಡ್ಡದೊಂದನ್ನು ಗೆದ್ದೆ ಎಂದೆ. ಬರುವಾಗ ಸಿಹಿ ತರುತ್ತೇನೆ ಎಂದರು.

ಮನೆಗೆ ನಡೆಯುತ್ತಾ ಪರ್ಸಿನಿಂದ ಪಟ್ಟಿ ತೆಗೆದು, ಡಾಕ್ಟರು ಹೇಳಿದ ಹಾಗೆ ನೋಡದೆ, ಚೂರುಚೂರು ಹರಿದು ಬಸ್ ಸ್ಟಾಪಿನ ಕಸದ ಡಬ್ಬಿಗೆ ಹಾಕಿದೆ. ಹರಿಯುವಾಗ ಕಣ್ಣನ್ನು ಎದುರಿನ ಅಂಗಡಿಯ ಬೋರ್ಡಿನ ಮೇಲೆ ಇಟ್ಟುಕೊಂಡಿದ್ದೆ. ಅಷ್ಟು ಶಿಸ್ತು ನನ್ನದು.

ಮೂರನೆಯ ದಿನ ಅವನ ಅಕ್ಕ ಬಂದಳು. ಕೃಶವಾದ ಹೆಂಗಸು, ಬಲಗೈ ಮಣಿಕಟ್ಟಿನಲ್ಲಿ ಸುಟ್ಟ ಗೆರೆಗಳು. ಬಟ್ಟೆ ಇಸ್ತ್ರಿ ಮಾಡುವ ಕೆಲಸದವಳು ಎಂದು ಆಮೇಲೆ ಗೊತ್ತಾಯಿತು. ಹಿಂದಿನ ದಿನ ಬೆಳಿಗ್ಗೆ ಅವಳ ತಮ್ಮ ಏಣಿಯಿಂದ ಇಳಿದು, ಒಂದು ಗಳಿಗೆ ಕೂರುತ್ತೇನೆ ಎಂದು ಮೆಟ್ಟಿಲ ಮೇಲೆ ಕೂತನಂತೆ. ಜೊತೆಯವರು ತಿರುಗಿ ನೋಡುವಾಗ ಕೂತ ಹಾಗೆಯೇ ಹೋಗಿದ್ದನಂತೆ. ಅವಳು ಕೂಗಾಡಲಿಲ್ಲ. ಲಕೋಟೆಯನ್ನು ದೊಡ್ಡ ಡಾಕ್ಟರ ಮುಂದಿಟ್ಟು, ನೀವು ಸರಿಯಿದೆ ಅಂದಿದ್ದಿರಲ್ಲ ಎಂದು ಮಾತ್ರ ಕೇಳಿದಳು. ಅವರು ರಟ್ಟನ್ನು ತಿರುಗಿಸಿ ನೋಡಿ, ಆ ಗಳಿಗೆಯಲ್ಲಿ ಸರಿಯೇ ಇತ್ತು, ಹೃದಯ ಮುಂಚಿತವಾಗಿ ಹೇಳಿ ನಿಲ್ಲುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಸುಳ್ಳಲ್ಲ, ಹಾಗೂ ಆಗುತ್ತದೆ. ಅವಳು ತಲೆಯಾಡಿಸಿದಳು. ಇದನ್ನಿಟ್ಟುಕೊಂಡು ನಾನೇನು ಮಾಡಲಿ ಎಂದು ರಟ್ಟನ್ನು ಮೇಜಿನ ಮೇಲೇ ಬಿಟ್ಟು ಹೋದಳು.

ಫೈಲಿಗೆ ಹಾಕಿ ಎಂದು ಡಾಕ್ಟರು ಅದನ್ನು ನನ್ನ ಕೈಗೆ ಕೊಟ್ಟರು. ಮೂರನೆಯ ಲೀಡು. ಕೊಕ್ಕೆ. ಮಗ್ಗುಲಲ್ಲಿ ಅರ್ಧ ಕೊಕ್ಕೆ. ಮುನ್ನೂರು ಸಲ ನೋಡಿದ್ದನ್ನು ನಾನು ಗುರುತು ಹಿಡಿಯದೆ ಇನ್ಯಾರು ಹಿಡಿಯಬೇಕು. ಸತ್ತವನ ಹೆಸರಿನ ಕೆಳಗೆ ನನ್ನ ಹೃದಯ ಆರೋಗ್ಯವಾಗಿ ಬಡಿಯುತ್ತಿತ್ತು.

ಈಗ ಎದೆ ಒಡೆದುಹೋಗುತ್ತದೆ ಎಂದು ಕಾದೆ. ಹಳೆಯ ಡವಡವ ಬರಲಿ ಎಂದು ಬೇಡಿಕೊಂಡೆ. ನಾಡಿ ಹಿಡಿದು ನೋಡಿದರೆ ಎಪ್ಪತ್ತೆರಡು. ಕಣ್ಣು ಒಣಗಿತ್ತು. ತಪ್ಪು ಮಾಡಿದ್ದೇನೆ ಎನ್ನುವುದು ಗೊತ್ತಿತ್ತು, ಹಲಗೆಯ ಮೇಲೆ ಬರೆದಷ್ಟು ಸ್ಪಷ್ಟವಾಗಿ ಗೊತ್ತಿತ್ತು, ಆದರೆ ಅದು ತಟ್ಟಬೇಕಾದ ಜಾಗಕ್ಕೆ ತಟ್ಟಲಿಲ್ಲ. ಅಂಥ ಭಯ ನನಗೆ ಜೀವನದಲ್ಲಿ ಆಗಿಲ್ಲ.

ಸಂಜೆ ಗಂಡನಿಗೆ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು ಪೂರ್ತಿ ಕೇಳಿದರು. ಆಮೇಲೆ, ಹೋದ ವರ್ಷ ನೀನು ಇಂಥದ್ದೇ ಕಥೆ ಎಷ್ಟು ಸಲ ಹೇಳಿದ್ದೆ ಎಂದು ಮೆತ್ತಗೆ ನೆನಪಿಸಿದರು. ಲಿಫ್ಟಿನಲ್ಲಿ ಬಂದ ಅಜ್ಜಿಯ ಪಟ್ಟಿ ಅದಲುಬದಲಾಯಿತು ಎಂದಿದ್ದೆ, ಜೋಡಿ ಮಕ್ಕಳ ತಾಯಿಯದೂ ಎಂದಿದ್ದೆ. ಎಲ್ಲರೂ ಇನ್ನೂ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದಾರೆ. ಅದೆಲ್ಲ ನಿಜವೇ ಆಗಿತ್ತು.

ಮರುದಿನ ಬೇಗ ಹೋಗಿ ನನ್ನದೊಂದು ಹೊಸ ಪಟ್ಟಿ ತೆಗೆದೆ. ಮೊದಲ ಸಲ ಅದರ ಮೂಲೆಯಲ್ಲಿ ನನ್ನ ಹೆಸರು ಬರೆದೆ. ದೊಡ್ಡ ಡಾಕ್ಟರು ಬಂದ ಕೂಡಲೇ ಅದನ್ನೂ ಪೇಂಟರನ ರಟ್ಟನ್ನೂ ಅವರ ಮುಂದೆ ಒಂದರ ಕೆಳಗೆ ಒಂದು ಇಟ್ಟು, ಹೇಳುವುದನ್ನೆಲ್ಲ ಹೇಳಿದೆ. ಅವರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅವರ ಕಣ್ಣು ಮೂರನೆಯ ಲೀಡಿನ ಮೇಲೆ ನಿಂತದ್ದನ್ನು, ಅಲ್ಲಿಂದ ತಮ್ಮ ಸಹಿಯ ಮೇಲೆ ಹೋದದ್ದನ್ನು ನಾನು ನೋಡಿದೆ. ಅವರಿಗೆ ಗೊತ್ತಾಯಿತು. ಅದರಲ್ಲಿ ನನಗೆ ಸಂಶಯವಿಲ್ಲ.

"ಇಂಥ ಕೊಕ್ಕೆ ಎಷ್ಟೋ ಜನಕ್ಕಿರುತ್ತೆ," ಎಂದರು. "ನಿಮ್ಮ ಯಜಮಾನ್ರು ಬೆಳಿಗ್ಗೆ ಫೋನ್ ಮಾಡಿದ್ರು. ನೀವು ಮಾತ್ರೆ ತಗೊಳ್ತಿರೋದು ನಂಗೆ ಗೊತ್ತಿರಲಿಲ್ಲ. ಎರಡು ವಾರ ರಜ ತಗೊಂಡು ವಿಶ್ರಾಂತಿ ಮಾಡಿ."

ರಟ್ಟನ್ನೂ ನನ್ನ ಪಟ್ಟಿಯನ್ನೂ ಸೇರಿಸಿ ಡ್ರಾಯರಿನಲ್ಲಿಟ್ಟು ಕೀಲಿ ತಿರುಗಿಸಿದರು. ಗಂಡ ಫೋನ್ ಮಾಡಿದ್ದು ನನ್ನ ಒಳ್ಳೆಯದಕ್ಕೇ. ನನ್ನ ಒಳ್ಳೆಯದಕ್ಕೆಂದು ಆ ವಾರ ಎಲ್ಲರೂ ಏನೆಲ್ಲ ಮಾಡಲಿಲ್ಲ.

ಮನಸ್ಸಿನ ಡಾಕ್ಟರಾದರೂ ನಂಬುತ್ತಾರೆ ಎಂದುಕೊಂಡೆ. ಅವರು ಎಂದಿನಂತೆ ತಾಳ್ಮೆಯಿಂದ ಕೇಳಿದರು. ಪರ್ಸಿಗೆ ಹಾಕಿದ ಆ ಪಟ್ಟಿ ಎಲ್ಲಿದೆ ಎಂದು ವಿಚಾರಿಸಿದರು. ಹರಿದುಹಾಕಿದೆ ಎಂದೆ. ಯಾಕೆ ಎಂದರು. ನೀವು ಹೇಳಿದ್ದಿರಿ ಎಂದೆ. ಅವರ ಪೆನ್ನು ಸ್ವಲ್ಪ ಹೊತ್ತು ಕಾಗದದ ಮೇಲೆ ಅಲುಗಾಡದೆ ನಿಂತಿತು. ಆಮೇಲೆ, ಈ ಕಾಯಿಲೆಯಲ್ಲಿ ಅಪರಾಧದ ಯೋಚನೆ ಇದೇ ರೂಪದಲ್ಲಿ ಬರುತ್ತದೆ, ಅದು ನಿಜವೋ ಅಲ್ಲವೋ ಎಂದು ಈ ಕುರ್ಚಿಯಲ್ಲಿ ಕೂತು ತೀರ್ಮಾನಿಸಲು ನನ್ನಿಂದಾಗದು ಎಂದರು. ಪ್ರಾಮಾಣಿಕ ಮಾತು. ಅವರ ಮುಂದೆ ದಿನಾ ಬಂದು ಕೂರುವ ಯೋಚನೆಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸುಳ್ಳು. ಉಳಿದ ಒಂದಕ್ಕೆ ಅವರ ಹತ್ತಿರ ಔಷಧವಿರಲಿಲ್ಲ. ಮಾತ್ರೆಯ ಪ್ರಮಾಣ ಸ್ವಲ್ಪ ಏರಿಸಿ ಬರೆದುಕೊಟ್ಟರು.

ಹೀಗೆ ನಾನು ಮೂರು ಜನರ ಮುಂದೆ ತಪ್ಪೊಪ್ಪಿಕೊಂಡೆ, ಮೂವರೂ ನನ್ನ ಬೆನ್ನು ಸವರಿ ಕಳಿಸಿದರು. ಕೊಲೆ ಮಾಡಿದವರಿಗೂ ಇಷ್ಟು ಕರುಣೆ ಸಿಗಲಿಕ್ಕಿಲ್ಲ. ಸಿಟ್ಟು ಬಂತು. ಮಾತ್ರೆಯ ಅಡಿಯಿಂದ ತಲೆಯೆತ್ತಿದ ಆ ಒಂದು ಸಿಟ್ಟನ್ನು ಬಿಡಬಾರದು ಎಂದು ಗಟ್ಟಿಯಾಗಿ ಹಿಡಿದುಕೊಂಡು, ರಿಸೆಪ್ಷನ್ನಿನ ಹುಡುಗಿಯಿಂದ ಪೇಂಟರನ ವಿಳಾಸ ಪಡೆದು ಹೊರಟೆ.

ಲಾಂಡ್ರಿಯ ಹಿಂಬದಿಯಲ್ಲಿ ಎರಡು ಕೋಣೆಯ ಮನೆ. ಹೊರಗೆ ಗೋಡೆಗೆ ಏಣಿ ಒರಗಿಸಿದ್ದರು, ಡಬ್ಬದ ನೀರಿನಲ್ಲಿ ಬ್ರಷ್ಷುಗಳು ಮುಳುಗಿದ್ದವು. ಅಕ್ಕ ಒಳಗೆ ಅಂಗಿ ಇಸ್ತ್ರಿ ಮಾಡುತ್ತಿದ್ದಳು. ನನ್ನ ಗುರುತು ಹಿಡಿದು ಸ್ಟೂಲು ಸರಿಸಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಮಾತು ಶುರುಮಾಡಿದಳು. ಯಾರಾದರೂ ಬರಲಿ ಎಂದು ಕಾಯುತ್ತಿದ್ದವಳ ಹಾಗೆ.

"ಆವತ್ತು ರಾತ್ರಿನೂ ಭುಜ ಎಳೀತಿದೆ ಅಂದ ಮೇಡಂ," ಎಂದಳು. "ನಾನು ನಿಮ್ಮ ಕಾಗ್ದ ಅವನ ಮುಖದ ಮುಂದೆ ಹಿಡಿದೆ. ನೋಡು, ಏನೂ ಇಲ್ಲ ಅಂತ ಬರೆದಿದ್ದಾರೆ, ಕೆಲ್ಸಕ್ಕೆ ಕಳ್ಳ ಬೀಳಬೇಡ ಅಂದೆ. ಬೆಳಿಗ್ಗೆ ನಾನೇ ಎಬ್ಬಿಸಿ ಕಳಿಸಿದೆ."

ಹೇಳಿದೆ. ಊಟದ ಹೊತ್ತಿನ ಚಿಲಕದಿಂದ ಹಿಡಿದು ಡ್ರಾಯರಿನ ಕೀಲಿಯವರೆಗೆ, ಒಂದನ್ನೂ ಬಿಡದೆ. ಅವಳು ಇಸ್ತ್ರಿ ನಿಲ್ಲಿಸಲಿಲ್ಲ. ಒಂದು ತೋಳು ಮುಗಿಸಿ ಇನ್ನೊಂದು ತೋಳು ಹಾಸಿದಳು, ಅದನ್ನೂ ಮುಗಿಸಿದಳು. ಆಮೇಲೆ ಸ್ವಿಚ್ಚು ಆರಿಸಿ ನನ್ನ ಎದುರು ಕೂತಳು.

"ಅವನ ಸರಿಯಾದ ಕಾಗ್ದ ಬಂದಿದ್ರೆ ಬದುಕ್ತಿದ್ನಾ?"

"ಗೊತ್ತಿಲ್ಲ ಅಕ್ಕ. ಅದರಲ್ಲಿ ಏನಿತ್ತು ಅಂತ ನಾನೂ ನೋಡಲಿಲ್ಲ. ಯಾರೂ ನೋಡಲಿಲ್ಲ."

ಅದಕ್ಕಿಂತ ಕ್ರೂರವಾದ ಉತ್ತರ ನನ್ನ ಹತ್ತಿರ ಇರಲಿಲ್ಲ, ಅದಕ್ಕಿಂತ ನಿಜವಾದದ್ದೂ ಇರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ನನ್ನದರಿಂದ ಇಲ್ಲ. ಅದನ್ನು ಗಮನಿಸಿದಳು. ನಿಮಗೆ ಅಳು ಬರುವುದಿಲ್ಲವೇ ಎಂದು ಕೇಳಿದಳು. ಬರುವುದಿಲ್ಲ, ಮಾತ್ರೆ ಅಳಲು ಬಿಡುವುದಿಲ್ಲ ಎಂದೆ. ಅದೆಂಥ ಮಾತ್ರೆಯೋ ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಆಮೇಲೆ ಎದ್ದು ಒಳಗಿನಿಂದ ಒಂದು ನೋಟ್‌ಬುಕ್ಕು, ಪೆನ್ನು ತಂದು, ಈಗ ಹೇಳಿದ್ದನ್ನೆಲ್ಲ ಬರೆದುಕೊಡಿ ಎಂದಳು. ರಟ್ಟು ಅವರ ಡ್ರಾಯರಿನಲ್ಲಿದೆ, ನನ್ನ ಹತ್ತಿರ ಏನಿದೆ ಎಂದಳು. ಬರೆದೆ. ಹನ್ನೊಂದು ವಾರದಿಂದ ಆತಂಕದ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವ ನಾನು ಎಂದು ಶುರುಮಾಡಿ, ಎರಡು ಪುಟ ತುಂಬಿಸಿ ಕೊಟ್ಟೆ.

ಅವಳು ಬೆರಳಿಟ್ಟುಕೊಂಡು ಓದುವವಳು. ಬೆರಳು ಮೊದಲ ಸಾಲಿನಲ್ಲೇ ನಿಂತಿತು.

"ಈ ಮಾತ್ರೆ ವಿಷ್ಯ ಬೇಡ," ಎಂದಳು. "ಇದಿದ್ರೆ ಮುಂದೆ ಯಾರೂ ಓದಲ್ಲ."

ಅವಳು ಹೇಳಿದ್ದು ಸರಿ. ಮೂರು ದಿನದಿಂದ ನಾನು ಅದನ್ನೇ ಕಂಡಿದ್ದೆ. ಆದರೆ ಆ ಸಾಲು ಹೋದರೆ ನನ್ನದೇನು ಉಳಿಯುತ್ತದೆ ಎನ್ನುವುದೂ ಗೊತ್ತಿತ್ತು. ಸಾಲಿದ್ದರೆ ನಾನು ಕಾಯಿಲೆಯವಳು, ಪಾಪ ಎನ್ನುತ್ತಾರೆ. ಸಾಲಿಲ್ಲದಿದ್ದರೆ ರೋಗಿಯ ಪಟ್ಟಿ ಅದಲುಬದಲು ಮಾಡಿ, ಅನುಮಾನ ಬಂದರೂ ಕೂತಲ್ಲೇ ಕೂತು, ಸಾಕ್ಷಿಯನ್ನು ಹರಿದುಹಾಕಿದ ಹೆಂಗಸು. ಯಾಕೆ ಹರಿದೆ ಎಂದು ಕೇಳಿದರೆ ಹೇಳಲು ಕಾರಣವೇ ಇರುವುದಿಲ್ಲ.

ಇನ್ನೊಂದು ಹಾಳೆ ಕೇಳಿ ತೆಗೆದುಕೊಂಡೆ. ಮಾತ್ರೆ ಇಲ್ಲದೆ, ಡಾಕ್ಟರ ನಿಯಮವಿಲ್ಲದೆ, ನಾನು ಮಾಡಿದ್ದನ್ನಷ್ಟೇ ಬರೆದೆ. ಈ ಸಲ ಅರ್ಧ ಪುಟಕ್ಕೆ ಮುಗಿಯಿತು. ಸಹಿ ಹಾಕಿ ಅವಳ ಕೈಗೆ ಕೊಟ್ಟೆ. ಅವಳು ಕೊನೆಯವರೆಗೂ ಬೆರಳಿಟ್ಟು ಓದಿದಳು.

"ನಿಮ್ಮನ್ನ ಕೆಲ್ಸದಿಂದ ತೆಗೀತಾರೆ ಅಲ್ವಾ?"

"ತೆಗೀತಾರೆ."

"ತೆಗೀಲಿ," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡು, ಇಸ್ತ್ರಿಯ ಸ್ವಿಚ್ಚು ಹಾಕಿ ಮುಂದಿನ ಅಂಗಿ ಹಾಸಿದಳು.